ಉಪ್ಪಾಗೆ

ಸೀಗೆಹಟ್ಟಿಯ ಮೂರನೇ ತಿರುವಿನಲ್ಲಿ
ಬೋರ್ಡಿಲ್ಲದ ಹೋಟೆಲು.
ನಾಲ್ಕು ಬೆಂಚು, ಒಂದಕ್ಕೆ ಇಟ್ಟಿಗೆಯ ಕಾಲು.
ಆ ತುದಿಗೆ ಕೂತವರು ಸಾರು ಚೆಲ್ಲಿಕೊಳ್ಳುವುದು ಗ್ಯಾರಂಟಿ,
ಹಾಗಾಗಿ ಹೊಸಬರಿಗೆ ಅದೇ ಜಾಗ.

ಡಿಪೋದಲ್ಲಿ ಕಲೆಕ್ಷನ್ ಕಟ್ಟಿ
ನಾನು ಹೋಗುವ ಹೊತ್ತಿಗೆ ಮೂರೂವರೆ.
ಅನ್ನ ತಳ ಹಿಡಿದಿರುತ್ತದೆ.
ಕಡುಬು ಎರಡು ಉಳಿದಿರುತ್ತವೆ;
ಉಳಿದದ್ದೋ, ಉಳಿಸಿದ್ದೋ,
ಒಂಬತ್ತು ವರ್ಷವಾಯಿತು, ಕೇಳಿಲ್ಲ.

"ಕೈ ತೊಳ್ಕಂಡ್ ಬಾ, ನೋಟಿನ ವಾಸ್ನೆ."
ಇಷ್ಟೇ ಆಕೆಯ ಸ್ವಾಗತ.
ಹಮಾಲರಿಗೆ, ಕೋರ್ಟಿನ ಟೈಪಿಸ್ಟಿಗೆ,
ಗ್ಯಾರೇಜಿನ ಹುಡುಗರಿಗೆ, ನನಗೆ,
ಎಲ್ಲರಿಗೂ ಸಾರಕ್ಕ.
ಭಟ್ಕಳದ ಲಾರಿ ಬಂದರೆ ಬಂಗುಡೆ,
ಬಾರದಿದ್ದರೆ ಕೆರೆಯ ಕಾಟ್ಲಾ,
ಸೋಮವಾರ ಬಾಗಿಲು.

ಆ ಸಾರಿನ ಹುಳಿ ಹುಣಸೆಯದಲ್ಲ.
ಹುಣಸೆ ನಾಲಿಗೆಯ ತುದಿಗೇ ಜಗಳಕ್ಕೆ ಬರುತ್ತದೆ.
ಇದು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು
ಇಳಿಯುವ ಸ್ಟಾಪು ಬಂದಾಗ ಮಾತ್ರ
ಊರಿನ ಹೆಸರು ಹೇಳುವವರ ಥರ.
ಗಂಟಲಿಳಿದ ಮೇಲೆ ಗೊತ್ತಾಗುತ್ತದೆ.

ಅವಳ ಲೆಕ್ಕವೂ ನನಗೆ ಬೆರಗು.
ನಾನು ಟಿಕೆಟಿನ ಬೆನ್ನಿಗೆ ಬರೆದು ಕೊಡುವವಳು:
ಹದಿನೈದು ಬಾಕಿ.
ಇಳಿಯುವಾಗ ಜನ ಮರೆಯುತ್ತಾರೆ. ನಾನೂ
ಒಂದೆರಡು ಸಲ, ನೆನಪಿದ್ದೂ,
ಕಿಟಕಿಯಾಚೆ ನೋಡಿದ್ದೇನೆ. ಇರಲಿ, ಹೇಳಿಬಿಟ್ಟೆ.
ಸಾರಕ್ಕ ಎಲ್ಲೂ ಬರೆಯುವುದಿಲ್ಲ.
"ಗುರುವಾರದ್ದು ಐದು ನಿಂದಿತ್ತಲ್ಲ" ಎಂದು
ಒದ್ದೆ ಕೈಯಿಂದ ಒದ್ದೆ ನಾಣ್ಯ ಇಡುತ್ತಾಳೆ.

ಮೊನ್ನೆ ಸೋಮವಾರ, ಕೊಲ್ಲೂರು ಬಸ್ಸು.
ಆಯನೂರು ದಾಟಿತ್ತು.
ತೊಡೆಯ ಮೇಲೆ ಖಾಲಿ ಚೀಲ ಮಡಚಿಟ್ಟುಕೊಂಡ ಹೆಂಗಸೊಬ್ಬಳು
ಆಧಾರ್ ಕಾರ್ಡು ಚಾಚಿದಳು.
ಹೊಗೆಯಿಲ್ಲದ, ಸೌಟಿಲ್ಲದ ಮುಖ. ಗುರುತು ಹತ್ತಲಿಲ್ಲ.
ಕಾರ್ಡಿನಲ್ಲಿ: ತಿಪ್ಪಮ್ಮ.
"ನಾನೇ ಕಣೇ" ಎಂದು ನಕ್ಕಾಗ
ಮುರಿದ ಹಲ್ಲು ಗುರುತು ಹೇಳಿತು.

"ನನ್ಗಿಂತ ಮುಂಚೆ ಮೂರು ಹೋಗಿದ್ವಂತೆ.
ತಿಪ್ಪೆ ಮೇಲೆ ಹೊಳ್ಳಾಡ್ಸಿ ಈ ಹೆಸ್ರಿಟ್ರೆ
ಜವರಾಯ ಮೂಸಿ ನೋಡಿ ಬಿಟ್ ಹೋಗ್ತಾನೆ ಅಂತ."
ಮೆಷಿನ್ನು ಕಿರ್ರೆಂದು ಜೀರೋ ಟಿಕೆಟು ಕಕ್ಕಿತು.
ನಾಲ್ಕು ಮಡಿಕೆ ಮಡಚಿ ಕುಪ್ಪಸದೊಳಗಿಟ್ಟಳು.
ಎಲ್ಲಿಗೆ?
ನಗರದ ಹತ್ತಿರ, ಉಪ್ಪಾಗೆ ತರಲು.
"ಹೊಗೆ ಸರಿಯಾಗಿ ಕೊಡೋಳು ಅಲ್ಲಿ ಒಬ್ಳೇ ಮುದುಕಿ.
ಯಾರ್ಗೂ ಹೇಳ್ಬೇಡ ಮಾರಾಯ್ತಿ."

ಹೊಸನಗರದಲ್ಲಿ ಇಪ್ಪತ್ತು ನಿಮಿಷ ಊಟ.
ಬಸ್ಸು ನಿಲ್ಲಿಸಿದ ಪುಣ್ಯಕ್ಕೆ ಡ್ರೈವರಿಗೂ ನನಗೂ
ಪರದೆಯ ಹಿಂದೆ ಪುಕ್ಕಟೆ.
ಅವತ್ತು ನಾನು ಪರದೆಯ ಈಚೆ ಕೂತೆ,
ಎರಡು ಊಟದ ದುಡ್ಡು ಕೊಟ್ಟು.
ಅಲ್ಲಿಯ ಸಾರೆಂದರೆ ನೀರು, ಖಾರದ ಪುಡಿ, ಅವಸರ.
ನಾನೇ ಮಾಡಿದವಳಂತೆ ನಾಚಿಕೆಯಾಯಿತು.

ಹುಡುಗ ಬಕೆಟ್ಟು ಹಿಡಿದು ಬಂದಾಗ
ಇವಳು ಅಭ್ಯಾಸಬಲದಿಂದ ಎದ್ದೇಬಿಟ್ಟಳು,
ಬಕೆಟ್ಟು ಇಸಿದುಕೊಳ್ಳಲು ಕೈ ಚಾಚಿದಳು.
ಹುಡುಗ ಬೆಪ್ಪಾದ.
ಕೂತಳು. ಹಾಕಿಸಿಕೊಂಡಳು.
ಮತ್ತೆ ಹಾಕಿಸಿಕೊಂಡಳು. ಮೂರನೇ ಸಲವೂ
ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ.
ಹೊರಗೆ ಡ್ರೈವರು ಹಾರನ್ನು ಒತ್ತುತ್ತಿದ್ದ.
"ಚೆನ್ನಾಗಿದ್ಯಾ?" ಕೇಳಿದೆ, ನಂಬಲಾಗದೆ.
"ಬೇರೇರು ಬಡಿಸಿದ್ದು" ಅಂದಳು,
ಬೆರಳು ನೆಕ್ಕುತ್ತಾ.

ಬುಧವಾರ ಮೂರೂವರೆ.
ತಟ್ಟೆಯಲ್ಲಿ ಕಡುಬು ಮೂರಿದ್ದವು.
ಹೊಸಬನೊಬ್ಬ ಇಟ್ಟಿಗೆಯ ಕಾಲಿನ ಕಡೆ
ಪ್ಯಾಂಟು ಒರೆಸಿಕೊಳ್ಳುತ್ತಿದ್ದ.
ಹೆಸರು ಗೊತ್ತಲ್ಲ ಈಗ,
ಕರೆಯೋಣವೆಂದು ಬಾಯಿ ತೆರೆದೆ.
"ಸಾರಕ್ಕ, ಇನ್ನೊಂದು ಸೌಟು."

ಹಾಕಿದಳು.
ಉಂಡು, ಕೈ ತೊಳೆದು,
ಗಾಂಧಿ ಬಜಾರಿನ ಗದ್ದಲದಲ್ಲಿ ಅರ್ಧ ದಾರಿ ನಡೆದ ಮೇಲೆ
ಗಂಟಲಲ್ಲಿ ಮೆಲ್ಲಗೆ ಏರಿತು
ಹುಳಿ.