ಓದಿ ಹೇಳಲಾಯಿತು, ಸರಿ ಇದೆ

ಸಿಂಧನೂರಿನ ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ
ಜನರ ಮಾತಿಗೆ ಇಸ್ತ್ರಿ ಹಾಕುವವಳು ನಾನು.

ಕ್ಯಾಂಪಿನ ವೆಂಕಟರತ್ನಂ ಕಟಕಟೆ ಹತ್ತಿ
'ನಂಗೆ ಗೊತ್ತಿಲ್ಲಂಡಿ' ಅಂತಾನೆ,
ಭತ್ತದ ಚೀಲಕ್ಕೆ ಹುರಿ ಬಿಗಿದಂತೆ ತುದಿಗೊಂದು ಗಂಟು.
ನಿರಾಪದ ಮಂಡಲ್ 'ನೊನಗೆ ಗೊತ್ತಿಲ್ಲೊ' ಅಂತಾನೆ.
ಐವತ್ತು ವರ್ಷ ಎಡದಂಡೆ ಕಾಲುವೆಯ ನೀರು ಕುಡಿದರೂ
ಅವನ ಅಕಾರ ಇನ್ನೂ ದುಂಡಗೆ,
ಬೇರೆ ಯಾವುದೋ ಹೊಳೆಯಲ್ಲಿ ಉರುಳಿದ ಕಲ್ಲು.
ಸಾಹೇಬರು ಹೇಳುತ್ತಾರೆ, ನಾನು ಬಡಿಯುತ್ತೇನೆ:
ನನಗೆ ಗೊತ್ತಿರುವುದಿಲ್ಲ.
ನನಗೆ ಗೊತ್ತಿರುವುದಿಲ್ಲ.
ಹಾಳೆಯ ಮೇಲೆ ಇಬ್ಬರೂ ಒಂದೇ ಓಣಿಯವರು.

ನನಗೂ ಒಂದು ಓಣಿ ಇತ್ತು.
ಕಾಲೇಜಿನ ಮೊದಲ ದಿನ ಗೆಳತಿಯ ಅಣ್ಣನನ್ನು
'ಸಂಕರ' ಎಂದು ಕರೆದೆ.
ನಕ್ಕು ಕೇಳಿದ್ದರು: ಯಾವ ಓಣಿ?
ಆ ರಾತ್ರಿ ಹಾಸಿಗೆಯಲ್ಲಿ ಶ, ಶ, ಶ ಎಂದು ರೂಢಿ ಮಾಡಿದೆ,
ಅಳುವ ಕೂಸನ್ನು ಸುಮ್ಮನಾಗಿಸಿದಂತೆ.
ಸುಮ್ಮನಾಯಿತು.

ಇವತ್ತು ಅಂಬಮ್ಮ. ನಾಟಿ ಹಚ್ಚುವ ಕೈ,
ಮೊಣಕೈ ಇನ್ನೂ ಮಡಚಲು ಬಾರದು.
ವಕೀಲರು ಮೆಲ್ಲಗೆ: 'ಆರೋಪಿ ನಿನ್ನ ಮುಟ್ಟೇ ಇಲ್ಲ ಅಂದರೆ?'
'ಹೌದ್ರೀ...
ದ್ಯಾವರಂಥೋರು, ಮುಟ್ಟೇ ಇಲ್ಲ.'

ಆ 'ರೀ' ಕಸಬರಿಗೆಯಂತೆ ಸೊಂಟ ಬಗ್ಗಿಸಿ
ನೆಲ ಉದ್ದಕ್ಕೂ ಎಳೆದುಕೊಂಡು ಹೋಗಿ
ವಕೀಲರ ಬೂಟಿನ ಹತ್ತಿರ ತಟ್ಟನೆ ತಲೆ ಎತ್ತಿತು.
ನನ್ನವ್ವ ಬಾಡಿಗೆ ಏರಿಸಿದವನಿಗೆ
ಹಿಂಗೇ ಅಂದಿದ್ದಳು: ಹೌದ್ರೀ, ಧರ್ಮರಾಯ ಇದ್ದಂಗ ಇದ್ದೀರಿ.
ಅವನು ಮತ್ತೆ ಆ ತಿಂಗಳು ಬರಲಿಲ್ಲ.

ಸಾಹೇಬರು ಮಂಡ್ಯದ ಕಡೆಯವರು. ಒಳ್ಳೆಯವರು.
ಅವರ ಕಿವಿಗೆ ಬಿದ್ದದ್ದು ಮಾತಷ್ಟೇ.
'ಬರ್ಕೊಳಮ್ಮ:
ಆರೋಪಿಯು ನನ್ನನ್ನು ಮುಟ್ಟಿಲ್ಲ ಎಂದರೆ ಸರಿ.'

ಬೆರಳು ಏಳಲಿಲ್ಲ.
ಎದ್ದದ್ದು ನಾನು.
ಅಭ್ಯಾಸದ ಕನ್ನಡ ಹುಡುಕಿದೆ, ಸಿಗಲಿಲ್ಲ.
'ಸಾಯೇಬ್ರ, ಸಾಕ್ಸಿ ಹಂಗಂದಿಲ್ರೀ.
ಹೊಡದಾರ ಅನ್ನಾಕತ್ಯಾಳ.'

ಸಾಕ್ಸಿ. ದಿನಕ್ಕೆ ನೂರು ಸಲ ಸರಿಯಾಗಿ ಬಡಿದ ಪದ.

ಫ್ಯಾನಿನ ಸದ್ದು. ವಕೀಲರು ಕನ್ನಡಕ ತೆಗೆದು
ನನ್ನ ಮುಖದಲ್ಲಿ ಓಣಿ ಹುಡುಕಿದರು.
ಸಾಹೇಬರು ಪೆನ್ನು ಕೆಳಗಿಟ್ಟರು.
'ಇನ್ನೊಂದ್ಸಲ ಕೇಳಿ ಆಕೆಯನ್ನ.'

ಅಂಬಮ್ಮ ಅವರತ್ತ ನೋಡಲೇ ಇಲ್ಲ.
ಕಟಕಟೆಯ ಮೇಲೆ ವಾಲಿ, ನನಗೆ:
'ಯಾರ ಮಗಳವ್ವಾ ನೀ?'

ಅದನ್ನು ಟೈಪ್ ಮಾಡಲಿಲ್ಲ.