ಒತ್ತು

ಅಂಗಡಿ ಮುಚ್ಚುವ ಹೊತ್ತಿಗೆ
ಇನ್ನೂರ ಹದಿನಾಲ್ಕು ಪ್ಯಾಕೇಜು ಹೊಸತಾಗಬೇಕು, ಆಗಲೇ
ಎಂದು ಕೇಳಿತಂತೆ ಕಂಪ್ಯೂಟರು.
ಕೊನೆಯ ಬಸ್ಸಿನ ಹಾರನ್ ಕೇಳಿದ ರಸೀನಾ
ಒತ್ತಿದಳಂತೆ.

ಬೆಳಿಗ್ಗೆ ಷಟರ್ ಎತ್ತಿದರೆ
ಕಪ್ಪು ಪರದೆ, ಮೂಲೆಯಲ್ಲೊಂದು ಬಿಳಿ ಗೆರೆ,
ಹೇಳಲೋ ಬೇಡವೋ ಎಂದು
ಬಾಯಿ ತೆರೆದು ಮುಚ್ಚುವ ಮಗುವಿನ ಹಾಗೆ.

ಸಿದ್ದಾಪುರದಲ್ಲಿ ಅವತ್ತು ಸಂತೆ.
ಎದುರಿಗೆ ಒಣಮೀನು, ಗಮ್ ಬೂಟು, ನೀಲಿ ಟಾರ್ಪಾಲು;
ಒಳಗೆ ಬಟವಾಡೆ ಪಡೆದ ತೋಟದ ಹೆಂಗಸರು
ಆಧಾರ್ ನಕಲಿಗೆ ಸಾಲುಗಟ್ಟಿ.
ಮಲಗಿಬಿಟ್ಟಿದೆ, ಎಂದೆ.
ಎಬ್ಬಿಸಕ್ಕ, ಎಂದರು.

ಎಬ್ಬಿಸುವುದೆಂದರೆ
ಕಂಟ್ರೋಲು, ಆಲ್ಟು, ಎಫ್ ಮೂರು ಒಟ್ಟಿಗೆ ಅದುಮಿ
ಮುಂಬಾಗಿಲು ಬಿಟ್ಟು ಹಿತ್ತಿಲಿಂದ ಹೋಗುವುದು.
ಅಲ್ಲಿ ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ,
ಕನ್ನಡವೂ ಬಾರದು ಆ ಹಿತ್ತಿಲಿಗೆ.
ನಾನೇ ಇಟ್ಟ ಹೆಸರುಗಳೆಲ್ಲ ಚೌಕ, ಚೌಕ, ಚೌಕ.

ಬೆಂಚಿನ ಮೇಲೆ ಆಗಲೇ ಹವಾಲ್ದಾರ್ ಪಳಂಗಪ್ಪ.
ಸಿಗ್ನಲ್ಸಿನಲ್ಲಿ ಇಪ್ಪತ್ತೆರಡು ವರ್ಷ,
ಕೀಬೋರ್ಡು ಮುಟ್ಟಿದವರಲ್ಲ.
ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು?
ಇನ್ನೂರ ಹದಿನಾಲ್ಕು.
ಪಟ್ಟಿ ಇದೆಯಾ?
ಇದೆ. ಮಾಡಿದ್ದನ್ನೆಲ್ಲ ಗಂಟೆ ನಿಮಿಷ ಹಾಕಿ
ತನ್ನ ಮೇಲೆ ತಾನೇ ದೂರು ಬರೆದಿಡುತ್ತದೆ
ಪಾಪದ ಯಂತ್ರ.
ಹಾಗಾದರೆ ಒಂದು ಸಲಕ್ಕೆ ಒಂದೇ ತಂತಿ ಮುಟ್ಟು, ಎಂದರು.
ಎರಡು ಮುಟ್ಟಿದರೆ
ಸರಿಯಾದರೂ ಯಾವುದರಿಂದ ಎಂದು ತಿಳಿಯದು.
ತಿಳಿಯದೆ ಸರಿಹೋದದ್ದು
ತಿಳಿಯದೆ ಕೆಡುತ್ತದೆ.

ಹೊಸ ಕರ್ನಲ್ಲು ಬಿಟ್ಟು ಹಳೆಯದರಿಂದ ಎಬ್ಬಿಸಿದೆ.
ಹತ್ತೂವರೆಗೆ ಪರದೆ ಬೆಳಗಿತು.
ರಸೀನಾ ಉಸಿರು ಬಿಡುವಷ್ಟರಲ್ಲಿ ಕರೆಂಟು ಹೋಯಿತು,
ಕರಡಿಗೋಡಿನ ಕಡೆ ಆನೆ ಕಂಬ ಉರುಳಿಸಿದೆಯಂತೆ.
ಪಟ್ಟಿಯಲ್ಲಿ ಆನೆಯ ಹೆಸರಿರಲಿಲ್ಲ.

ಎರಡು ಗಂಟೆಗೆ ಪಳಂಗಪ್ಪನವರ ಕಾಗದ ತೆರೆದೆ.
ಹೆಂಡತಿ ತೀರಿ ವರ್ಷ ತುಂಬುವ ದಿನದ ಕರೆಯೋಲೆ.
ದಪ್ಪ ಅಕ್ಷರದಲ್ಲಿ ನಡುವೆ

ಪೊನ್‌ನಕ್‌ಕ

ಅಡಿಯಲ್ಲಿ ಕೂರಬೇಕಾದ ಅಕ್ಷರ
ಪಕ್ಕಕ್ಕೆ ಬಂದು ನಿಂತಿದೆ,
ಬಸ್ಸಿನಲ್ಲಿ ಗುರುತಿಲ್ಲದವರ ಹಾಗೆ.
ಮುದ್ರಣದಲ್ಲಾದರೂ ಕೂಡಿಯಾವು ಎಂದು ಒಂದು ಹಾಳೆ ತೆಗೆದೆ.
ಕೂಡಲಿಲ್ಲ. ಬುಟ್ಟಿಗೆ ಎಸೆದೆ.
ಅಕ್ಷರ ಜೋಡಿಸುವ ಪ್ಯಾಕೇಜು ಕೆಟ್ಟಿದೆ,
ಹೆಸರು ಕೆಟ್ಟಿಲ್ಲ, ಒಳಗೆ ಹಾಗೇ ಇದೆ, ಎಂದೆ.
ಅವರು ಕನ್ನಡಕ ಒರೆಸಿಕೊಂಡರು, ಅಷ್ಟೆ.

ಒಂದೇ ತಂತಿ.
ಫಾಂಟು ಕಿತ್ತು ಮತ್ತೆ ಹಾಕಿದೆ, ಇಲ್ಲ.
ಕ್ಯಾಶೆ ಗುಡಿಸಿದೆ, ಇಲ್ಲ.
ಹೊಸ ಖಾತೆ ತೆರೆದು ನೋಡಿದೆ, ಅಲ್ಲೂ ಇಲ್ಲ,
ಅಂದರೆ ತಪ್ಪು ನನ್ನ ಕೋಣೆಯದಲ್ಲ, ಮನೆಯದೇ.
ಸಂತೆ ಕರಗಿತು, ಮೀನಿನ ವಾಸನೆ ಉಳಿಯಿತು.
ಕೊನೆಗೆ, ಬಿಸಾಡದೆ ಉಳಿದ ಹಳೆಯ ಪ್ಯಾಕೇಜುಗಳ ಅಟ್ಟದಿಂದ
ಮೊನ್ನೆಯ ಆವೃತ್ತಿ ಇಳಿಸಿ ಕೂರಿಸಿದೆ.
ನಾಲ್ಕು ಹತ್ತು.

ಪೊನ್ನಕ್ಕ

ರಸೀನಾ ಜೋರಾಗಿ ಓದಿದಳು,
ಶಾಲೆಯಲ್ಲಿ ಓದಿದಂತೆ,
ನಕ್ಕೆ ನ ಒತ್ತು, ಕಕ್ಕೆ ಕ ಒತ್ತು.

ಐವತ್ತು ಪ್ರತಿ ಎಣಿಸಿ ಕೊಟ್ಟೆ.
ಅವರು ದುಡ್ಡು ಕೊಟ್ಟು, ಏಳದೆ,
ಆ ಬುಟ್ಟಿಯಲ್ಲಿರುವುದೂ ಕೊಡು, ಎಂದರು.
ಅದು ತಪ್ಪಿದ್ದು, ಎಂದೆ.
ಗೊತ್ತು.
ಜಬಲ್ಪುರಕ್ಕೆ ಕಾಗದ ಬರೆಯುವಾಗ
ಅವಳು ಹೆಸರು ಹಾಕುತ್ತಿದ್ದದ್ದು ಹೀಗೇ.
ಅವಳಿಗೆ ಒತ್ತು ಬರುತ್ತಿರಲಿಲ್ಲ.

ಸುಕ್ಕು ಬಿಡಿಸಿ, ನಾಲ್ಕಾಗಿ ಮಡಿಸಿ
ಜೇಬಿಗಿಟ್ಟು ಹೋದರು.

ಆ ಪ್ಯಾಕೇಜಿಗೆ ಬೀಗ ಹಾಕಿದೆ.
ಪರದೆಯ ಅಂಚಿಗೆ ಚೀಟಿ ಅಂಟಿಸಿದೆ:
ಕೇಳಿದರೂ ಒತ್ತಬೇಡ.
ಪ್ರಿಂಟರಿನ ಎರಡನೇ ಟ್ರೇ ಮಾತ್ರ
ಇನ್ನೂ ಕಾಣುತ್ತಿಲ್ಲ ಯಂತ್ರಕ್ಕೆ.
ಅದು ನಾಳೆಯ ತಂತಿ.