ಜಪ್ತಿಯ ದೋಣಿ

ದೋಣಿಗೆ ನೋಟೀಸು ಅಂಟಿಸಿದವನು ನಾನೇ.
ಹಲಗೆಯೆಲ್ಲ ಒದ್ದೆ, ಗೋಂದು ಹಿಡಿಯಲಿಲ್ಲ.
ಕೊನೆಗೆ ಸಿದ್ದಬೋರನೇ ಎರಡು ಮೊಳೆ ಕೊಟ್ಟು
"ಇಲ್ ಹೊಡೀರಿ ಅಮೀನ್ರೇ, ಇಲ್ಲಾದ್ರೆ ನೀರ್ ಸೋರಕಿಲ್ಲ" ಅಂದ.

ನರಸೀಪುರದ ಕೋರ್ಟು, ಎಂಬತ್ತೊಂದನೇ ಇಸವಿಯ ದಾವೆ.
ಸಾಲ ಕೊಟ್ಟವನು ಅಕ್ಕಿಗಿರಣಿಯ ಶಾಂತಮಲ್ಲಪ್ಪ.
ದೋಣಿ ದ್ಯಾವಮ್ಮನದು. ಗಂಡ ಸತ್ತಿದ್ದ,
ಪತ್ರದಲ್ಲಿ ಅವನ ಹೆಬ್ಬೆಟ್ಟು ಸತ್ತಿರಲಿಲ್ಲ.

ಹೊಂಗೆಮರಕ್ಕೆ ಬಿಗಿದು ಅರಗಿನ ಮೊಹರು ಒತ್ತಿದೆ.
ಮೂರನೇ ದಿನ ಆಚೆ ದಡದಿಂದ ಅರ್ಜಿ:
ಹಾಲಿನ ಕ್ಯಾನು, ರೇಷ್ಮೆಗೂಡು, ದಿನ ತುಂಬಿದ ಬಸುರಿ,
ಹೈಸ್ಕೂಲಿನ ಹನ್ನೊಂದು ಮಕ್ಕಳು.
ಸಾಹೇಬರು ಕನ್ನಡಕ ಒರೆಸಿಕೊಂಡು ಬರೆಸಿದರು:
ದೋಣಿ ಜಪ್ತಿಯಲ್ಲೇ ಇರತಕ್ಕದ್ದು. ಓಡಾಡತಕ್ಕದ್ದು.
ವಸೂಲಾದದ್ದು ನ್ಯಾಯಾಲಯಕ್ಕೆ ಜಮಾ.

ಹೀಗೆ, ಕಟ್ಟಿಹಾಕಿದ ದೋಣಿ
ಹೊಳೆ ದಾಟತೊಡಗಿತು.

ತಲೆಗೆ ಐವತ್ತು ಪೈಸೆ, ಸೈಕಲ್ಲಿಗೆ ಇಪ್ಪತ್ತೈದು.
ಕುರಿಗೆಷ್ಟೆಂದು ಆದೇಶದಲ್ಲಿ ಇರಲಿಲ್ಲ.
ಸಂಜೆ ಬೋರ ಡಬ್ಬ ಬೋರಲು ಹಾಕಿದರೆ
ನಾಣ್ಯದ ಜೊತೆ ಮೀನಿನ ಹುರುಪೆ,
ಒಂದೊಂದು ದಿನ ಯಾವುದೋ ಮಗು ಹಾಕಿದ ಹುಣಸೆಬೀಜ.

ಯಾರದು ಈ ದುಡ್ಡು?
"ಹಸ ಕಟ್ಟಾಕುದ್ರೆ ಹಾಲೂ ಕಟ್ಟಾಕ್ದಂಗಾ ಸ್ವಾಮಿ?"
ಕಟಕಟೆ ಹಿಡಿದು ಕೇಳಿದಳು ದ್ಯಾವಮ್ಮ.
ಕರು ಹಾಕಿದರೂ ನಮ್ಮದೇ, ಅಂದರು ಶಾಂತಮಲ್ಲಪ್ಪನ ವಕೀಲರು.
ಎಲ್ಲರೂ ನಕ್ಕರು.
ಬೋರ ನಗಲಿಲ್ಲ. ಅವನು ಅಲ್ಲಿರಲಿಲ್ಲ,
ಹೊಳೆಯ ನಡುವೆ ಇದ್ದ.

ಖರ್ಚು ಕಳೆಯಬಹುದು ಎಂದಾಯಿತು.
ಡಾಂಬರಿಗೆ ರಸೀದಿ ಇತ್ತು, ಹಗ್ಗಕ್ಕೆ ಇತ್ತು, ಹೊಸ ಗಣೆಗೂ ಇತ್ತು.
ಗಣೆ ಹಿಡಿದ ಕೈಗೆ ಇರಲಿಲ್ಲ.
ಆ ಕಾಲಂನಲ್ಲಿ ಅಡ್ಡಗೆರೆ ಎಳೆದವನೂ ನಾನೇ,
ಸ್ಕೇಲು ಇಟ್ಟು, ನೆಟ್ಟಗೆ.

ಮತ್ತೆ ಅವನು ಉಣ್ಣುತ್ತಿದ್ದುದು ಏನು?
ರಾತ್ರಿ ದ್ಯಾವಮ್ಮ ಮುದ್ದೆ ಕಳಿಸುತ್ತಿದ್ದಳಂತೆ.
ಗಿರಣಿಯಿಂದ ಆಗಾಗ ನುಚ್ಚಕ್ಕಿಯೂ ಬರುತ್ತಿತ್ತಂತೆ.
ವಾದಿ ಪ್ರತಿವಾದಿ ಇಬ್ಬರೂ, ಒಬ್ಬರಿಗೊಬ್ಬರು ತಿಳಿಯದಂತೆ,
ಕಡತಕ್ಕೂ ತಿಳಿಯದಂತೆ.

ಏಳು ವರ್ಷ.
ಸೇತುವೆ ಬಂತು. ದೋಣಿಯೊಳಗೆ ಮಣ್ಣು ಕೂತು
ಯಾರೋ ದಂಟಿನ ಸೊಪ್ಪು ಚೆಲ್ಲಿದರು.
ಡಿಕ್ರಿ ಆಯಿತು: ಸಾಲದ ಮಟ್ಟಿಗೆ ವಾದಿಗೆ,
ಮಿಕ್ಕದ್ದು ದ್ಯಾವಮ್ಮನಿಗೆ.
ಮಿಕ್ಕದ್ದು ನಲವತ್ತೊಂದು ರೂಪಾಯಿ.
ಸೊಪ್ಪಿನ ಬಗ್ಗೆ ಆದೇಶ ಇರಲಿಲ್ಲ.

ಒಂದು ಮಾತು ನಾನಿನ್ನೂ ಹೇಳಿಲ್ಲ.
ನನ್ನ ಮನೆ ಇದ್ದದ್ದು ಆಚೆ ದಡದಲ್ಲಿ.
ವಾರಕ್ಕೆ ಆರು ದಿನ, ಹೋಗಿ ಬಂದು, ಏಳು ವರ್ಷ
ಅದೇ ದೋಣಿಯಲ್ಲಿ ಕೂತೆ, ಚೀಲ ತೊಡೆಯ ಮೇಲಿಟ್ಟುಕೊಂಡು.
ಸರ್ಕಾರಿ ಕೆಲಸ ಅಂದುಕೊಂಡೆ. ಬೋರನೂ ಕೇಳಲಿಲ್ಲ.
ಪಿಂಚಣಿ ಕಾಗದದ ಹಿಂದೆ ಮೊನ್ನೆ ಲೆಕ್ಕ ಹಾಕಿದೆ:
ಎರಡು ಸಾವಿರದ ನೂರ ಎಂಬತ್ನಾಲ್ಕು,
ಹಬ್ಬಹುಣ್ಣಿಮೆ ಕಳೆಯದೆ, ಬಡ್ಡಿ ಹಿಡಿಯದೆ.

ಸೇತುವೆಯ ಮೇಲೆ ನಡೆದುಕೊಂಡೇ ಹೋದೆ.
ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದವನು
ಲಕೋಟೆ ಬಿಚ್ಚಿದ, ಎಣಿಸಿದ, ಮತ್ತೊಮ್ಮೆ ಎಣಿಸಿದ.
ಆಮೇಲೆ ಕಣ್ಣು ಕಿರಿದು ಮಾಡಿ ನನ್ನ ಜೇಬಿನ ಪೆನ್ನು ನೋಡುತ್ತ
"ರಸೀದಿ ಕೊಡಬೇಕಾ ಅಮೀನ್ರೇ?" ಅಂದ.